ಹಳೆಯವೆರಡು ಕೊಟ್ಟರೆ ಹೊಸದೊಂದು

ಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಪ್ಯಾರಿಸ್ಸಿಗೆ ಅರಗು ಬಂದಿರಲಿಲ್ಲ. ಅರಗಿಲ್ಲದೆ ಗ್ರಾಮಫೋನ್ ಪ್ಲೇಟಿಲ್ಲ. ಕಾರ್ಖಾನೆಯವರದು ಒಂದೇ ಮಾತು: ಹಳೆಯವೆರಡು ತನ್ನಿ, ಕರಗಿಸಿ ಹೊಸದೊಂದು ಒತ್ತಿಕೊಡುತ್ತೇವೆ.

ನಮ್ಮ ಬೀದಿಯ ಒಡೀಲ್ ವಾಸೂರ್‌ಗೆ ಐನೂರು ಹೊಸ ಪ್ಲೇಟು ಬೇಕಿತ್ತು. ಹಿಂದೆ ಛತ್ರಿ ರಿಪೇರಿಯ ಅಂಗಡಿಯಾಗಿದ್ದ ಕೋಣೆಯಲ್ಲಿ ಅವಳು ಶುರುಮಾಡಿದ ರೆಕಾರ್ಡ್ ಕಂಪನಿಗೆ ಮಾಲೀಕಳು, ಗುಮಾಸ್ತೆ, ಕಸ ಗುಡಿಸುವವಳು ಎಲ್ಲ ಅವಳೇ. ಮೊದಲ ಪ್ಲೇಟು ಗ್ವಾಡಲೂಪ್ ದ್ವೀಪದ ಫಿರ್ಮಾಂ ಅವರ ಕ್ಲಾರಿಯೊನೆಟ್ಟು. ಫಿರ್ಮಾಂ ಹನ್ನೊಂದು ವರ್ಷದಿಂದ ಒಂದೇ ನೆಲಮಾಳಿಗೆಯಲ್ಲಿ ನುಡಿಸುತ್ತಿದ್ದರು. ಒಂದು ಸ್ವರವೂ ಮೆಟ್ಟಿಲು ಹತ್ತಿ ಹೊರಬಂದಿರಲಿಲ್ಲ. ಶನಿವಾರದೊಳಗೆ ಸಾವಿರ ಹಳೆಯ ಪ್ಲೇಟು ಕೂಡದಿದ್ದರೆ ಕಾರ್ಖಾನೆಯ ಯಂತ್ರದ ಸರದಿ ಯಾವನೋ ಅಕಾರ್ಡಿಯನ್ ವಾದಕನ ಪಾಲು. ಮಂಗಳವಾರದವರೆಗೆ ಕೂಡಿದ್ದು ನಲವತ್ತು.

ಬುಧವಾರ ಪತ್ರಿಕೆಯಲ್ಲಿ ಅನ್ಸೆಲ್ಮ್ ಬ್ರುಜಿಯೇರ್ ಬರೆದರು. ಜಾಝ್ ಬಗ್ಗೆ ಬಾಯಿ ತೆರೆಯುವ ಮೊದಲು ಈ ವಿಮರ್ಶಕರ ಮುಖ ನೋಡುವುದು ನಮ್ಮಲ್ಲಿ ವಾಡಿಕೆ. ನಿಜವಾದ ಜಾಝ್ ತಮ್ಮ ಯೌವನದೊಂದಿಗೇ ಮುಗಿಯಿತೆಂದು ಅವರು ನಂಬಿದ್ದರು. ಒಡೀಲ್ ಕಳಿಸಿದ ಮಾದರಿ ಪ್ಲೇಟನ್ನು ಕಾಗದ ಬಿಚ್ಚದೆ ಹಿಂದಿರುಗಿಸಿದ್ದರು. ಕೇಳದೆ ಬರೆದಾಗ ಅವರ ಶೈಲಿಗೆ ಇನ್ನಷ್ಟು ಮೊನಚು: ‘ಈ ಗದ್ದಲ ಬೇಕೆನ್ನುವವರು ಮನೆಯ ಎರಡು ಪ್ಲೇಟುಗಳನ್ನು ಬಲಿ ಕೊಡಬೇಕಂತೆ. ಛತ್ರಿ ಅಂಗಡಿ, ಹದಿನಾಲ್ಕನೆಯ ನಂಬರು, ಶನಿವಾರ ಸಂಜೆಯವರೆಗೆ. ಅಷ್ಟು ಹುಚ್ಚು ಯಾರಿಗಿದೆಯೋ ನೋಡೋಣ.’

ಗುರುವಾರ ಬೆಳಿಗ್ಗೆ ಆ ಹುಚ್ಚರ ಸಾಲು ಬೇಕರಿ ದಾಟಿ ಮೂಲೆ ತಿರುಗಿತ್ತು. ಬಗಲಲ್ಲಿ ಮಿಲಿಟರಿ ಬ್ಯಾಂಡು, ಬುಟ್ಟಿಯಲ್ಲಿ ಅಪೆರಾ, ಸತ್ತ ಮಾವನ ಭಾಷಣದ ಪ್ಲೇಟು.

ಶನಿವಾರ ಮಧ್ಯಾಹ್ನಕ್ಕೆ ಇನ್ನೂ ಅರವತ್ತು ಕಡಿಮೆ ಇತ್ತು. ಬಾಗಿಲಲ್ಲಿ ಕೈಗಾಡಿಯೊಂದು ನಿಂತಿತು. ತಳ್ಳಿಕೊಂಡು ಬಂದವರು ವಿಮರ್ಶಕರ ತಾಯಿ, ಮದಾಂ ಬ್ರುಜಿಯೇರ್.

“ತಗೋಳಮ್ಮ, ಅರವತ್ತೆರಡಿದೆ. ಒಂದೊಂದನ್ನೂ ಮೂರ್ ಮೂರು ಇಟ್ಕೊಂಡಿದಾನೆ. ನನ್ನ ಮಂಚದ ಕೆಳಗೆ ಚಪ್ಪಲಿ ಇಡೋಕೂ ಜಾಗ ಇಲ್ಲ.”

ಹಿಂದೆಯೇ ಹ್ಯಾಟೂ ಇಲ್ಲದೆ ಮಗ ಓಡಿಬಂದರು. “ಅಮ್ಮಾ! ಅವು ನನ್ನವು!”

“ಮಂಚ ನಂದು ಕಣೋ.”

ಒಡೀಲ್ ಗಾಡಿಯನ್ನು ಮುಟ್ಟಲಿಲ್ಲ. “ನಿಮ್ಮ ಪ್ಲೇಟು ನೀವು ತಗೊಂಡು ಹೋಗಿ ಮೇಷ್ಟ್ರೇ, ಅಡ್ಡ ಬರಲ್ಲ. ಆದ್ರೆ ಬೈದಿದ್ದನ್ನ ಒಂದ್ಸಲ ಕೇಳಿಬಿಟ್ಟು ಹೋಗಿ. ಮೂರೇ ನಿಮಿಷ.”

ಸಾಲಿನಲ್ಲಿದ್ದ ನಾವೆಲ್ಲ ಒಳಗೆ ನುಗ್ಗಿದೆವು. ಓಡಿಹೋಗಲು ಅವರಿಗೆ ದಾರಿಯೇ ಉಳಿಯಲಿಲ್ಲ. ಅವಳು ಮಾದರಿ ಪ್ಲೇಟಿಗೆ ಮುಳ್ಳು ಇಟ್ಟಳು.

ಯಾರೂ ಅವರ ಮುಖ ನೋಡಲಿಲ್ಲ. ಎಲ್ಲರ ಕಣ್ಣು ಅವರ ಬಲಗಾಲಿನ ಬೂಟಿನ ಮೇಲೆ. ಏಕೆಂದರೆ ಅವರ ಪುಸ್ತಕದ ಮೊದಲ ವಾಕ್ಯ ನಮಗೆಲ್ಲ ಬಾಯಿಪಾಠ: ‘ಜಾಝ್‌ಗೆ ತೀರ್ಪುಗಾರ ಕಿವಿಯಲ್ಲ, ಪಾದ; ಪಾದ ಸುಳ್ಳು ಹೇಳದು.’ ಅವರಿಗೂ ಅದು ನೆನಪಾಗಿರಬೇಕು. ಬೂಟು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತ್ತು.

ಪಿಯಾನೋ ಮುಗಿದು ಕ್ಲಾರಿಯೊನೆಟ್ಟು ಕೆಳಗಿನಿಂದ ಮೆಲ್ಲಗೆ ಎದ್ದು, ಒಂದು ಕಡೆ ತಡೆದು, ಆಮೇಲೆ ಹಾರಿತು. ಬೂಟಿನ ತುದಿಯೂ ಎದ್ದಿತು.

“ಲೋ, ಕಾಲು!” ಎಂದರು ತಾಯಿ.

“ಚಳಿ ಅಮ್ಮಾ.”

“ತಾಳ ತಪ್ಪದ ಚಳಿ ಮೇಷ್ಟ್ರೇ,” ಎಂದರು ಮೂಲೆಯಲ್ಲಿದ್ದ ಫಿರ್ಮಾಂ. “ನಮ್ಮ ಡ್ರಮ್ಮಿನವನಿಗೂ ಸ್ವಲ್ಪ ಹತ್ತಿಸಿ.”

ಅಂಗಡಿ ಗೊಳ್ಳೆಂದಿತು. ಬ್ರುಜಿಯೇರ್ ಕೆಂಪಾದರು, ಕಾಲು ಮಾತ್ರ ನಿಲ್ಲಲಿಲ್ಲ. ಮುಳ್ಳು ಎತ್ತಿದಾಗ ಅವರು ಗಂಟಲು ಸರಿಪಡಿಸಿಕೊಂಡು ಕೇಳಿದರು: “ಇನ್ನೊಂದು ಮಗ್ಗುಲಲ್ಲಿ ಏನಿದೆ?”

ಅದನ್ನೂ ಕೇಳಿದರು, ಎರಡು ಸಲ. ಆಮೇಲೆ ಕೈಗಾಡಿಯತ್ತ ಬಾಗಿ, ತುಂಬ ಹೊತ್ತು ಹುಡುಕಿ, ಎರಡು ಪ್ಲೇಟು ಆರಿಸಿ ಕೋಟಿನೊಳಗೆ ಸೇರಿಸಿಕೊಂಡರು. “ಉಳಿದದ್ದು ಕರಗಿಸಿ,” ಎಂದರು, ಯಾರ ಮುಖವನ್ನೂ ನೋಡದೆ.

ಅರವತ್ತು. ಫಿರ್ಮಾಂ ಆ ಕೈಗಾಡಿಯನ್ನು ತಾವೇ ತಳ್ಳಿಕೊಂಡು ಕಾರ್ಖಾನೆಯವರೆಗೆ ನಡೆದರು. ಹಿಂದೆ ಮಿಕ್ಕ ಪ್ಲೇಟು ಹೊತ್ತ ಒಡೀಲಳ ಬಾಡಿಗೆ ಲಾರಿ, ಅದರ ಹಿಂದೆ ಶಿಳ್ಳೆ ಹೊಡೆಯುತ್ತ ನಾವು.

ಮುಂದಿನ ಬುಧವಾರ ಬ್ರುಜಿಯೇರ್ ಬರೆದರು: ‘ನಾನು ಲೇಖನಿ ಎತ್ತದಿದ್ದರೆ ಈ ಪ್ಲೇಟು ಹುಟ್ಟುತ್ತಲೇ ಇರಲಿಲ್ಲ.’ ಅಷ್ಟು ವರ್ಷ ಅವರನ್ನು ಓದಿದ್ದ ನಮಗೆ, ಒಂದು ಅಕ್ಷರವನ್ನೂ ತಿದ್ದುವಂತಿಲ್ಲದ ಅವರ ವಾಕ್ಯ ಸಿಕ್ಕಿದ್ದು ಅದೇ ಮೊದಲು.