ಮಾರಿಗೆ ಒಂದು ಬೆರಳು

ಶಿವಲಕ್ಷ್ಮಿ ಮೇಣದ ಉಂಡೆಯ ಮೇಲೆ ದಾರ ಎಳೆಯುತ್ತಿದ್ದಳು. ಎಳೆದ ದಾರವನ್ನು ಹೆಬ್ಬೆರಳಿನಿಂದ ಒರೆಸಿ, ಗೋಡೆಯ ಮೊಳೆಗೆ ಸುತ್ತಿ, ಮತ್ತೊಂದು ಎಳೆ ತೆಗೆದುಕೊಳ್ಳುತ್ತಿದ್ದಳು. ಎದುರಿನ ಮಿಷನ್ನಿನ ಗಾದಿಲಿಂಗಮ್ಮ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು. ಆದೋನಿಯ ಆ ತಾಡಪತ್ರಿ ಅಂಗಡಿಯಲ್ಲಿ ಹೊಲಿಗೆ ಮಿಷನ್ನುಗಳು ಶುರುವಾದರೆ ಮಾತು ಕೇಳಿಸುತ್ತಿರಲಿಲ್ಲ, ಶುರುವಾಗುವ ಮುಂಚೆ ಆಡುವ ಮಾತೂ ಇರುತ್ತಿರಲಿಲ್ಲ.

ಹತ್ತಿ ಬರುವ ಕಾಲ. ಮಾರ್ಕೆಟ್ ಯಾರ್ಡಿನ ಲಾರಿಗಳಿಗೆಲ್ಲ ಹೊದಿಕೆ ಬೇಕು. ಆದರೆ ಅವತ್ತು ಶಿವಲಕ್ಷ್ಮಿಯ ಕಾಲ ಬುಡದಲ್ಲಿ ಬಿದ್ದಿದ್ದದ್ದು ಲಾರಿಯ ಬಟ್ಟೆಯಲ್ಲ. ಬೆಳ್ಳಗೆ, ಮುಟ್ಟಿದರೆ ಹೊಸ ಕಾಗದದಂತೆ ಸದ್ದು ಮಾಡುವ ದೋಣಿಯ ಹಾಯಿ. ಸಾವ್ಕಾರ ಕೊಟ್ರಬಸಪ್ಪನ ಅಕ್ಕನ ಮಗ ಬಸವಪ್ರಸಾದ್ ಹಿಂದಿನ ಸಂಜೆ ಹೊಸಪೇಟೆಯಿಂದ ಕಾರಿನಲ್ಲಿ ಹಾಕಿಕೊಂಡು ಬಂದಿದ್ದ. ನಡುವಿನ ಹೊಲಿಗೆ ಉದ್ದಕ್ಕೂ ಬಿಚ್ಚಿಹೋಗಿತ್ತು.

"ಏನಲೇ ಇದು, ಮದಿವಿ ಪೆಂಡಾಲೇನು?" ಅಂದಿದ್ದ ಕೊಟ್ರಬಸಪ್ಪ.

"ನಗಬ್ಯಾಡ ಮಾಮಾ. ಆಯ್ತವಾರ ಡ್ಯಾಂನ್ಯಾಗ ದೋಣಿ ರೇಸ್ ಐತಿ. ಹಿನ್ನೀರಿನ ಆ ಕೊನೀಗೆ ಹೋಗಿ ತಿರುಗಿ ಬರ್ಬೇಕು, ಇಡೀ ದಿನದ ಆಟ. ಚೆನ್ನೈಗೆ ಕಳಿಸಿ ಹೊಲಸಾಕ ಟೈಮಿಲ್ಲ."

"ನಮ್ಮ ಶಿವಲಕ್ಷ್ಮಿ ಹೊಲೀತಾಳ ಬಿಡು. ಮಾತಿಲ್ಲ ಕತಿಯಿಲ್ಲ, ಕೈ ಮಾತ್ರ ಐತಿ ಆಕೀಗೆ."

ಬಸವಪ್ರಸಾದ್ ಅವಳ ಕಡೆ ತಿರುಗಿದ್ದ. "ನೋಡಮ್ಮಾ, ಇದು ಛಲೋ ಬಂದ್ರ ನಮ್ಮ ಕ್ಲಬ್ಬಿನ್ಯಾಗ ನಿನಗ ಕೆಲಸ ಕೊಡಸ್ತೀನಿ. ಹಾಯಿ ಹೊಲಿಯೋ ಶೆಡ್ಡು ಐತಿ. ಇಬ್ರು ಹುಡ್ಗೇರು ಅದಾರ, ನಿನ್ನ ಓರಿಗಿಯವ್ರು. ಅಲ್ಲೇ ರೂಮು, ಅಲ್ಲೇ ಊಟ."

ಸಂಬಳ ಎಷ್ಟೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಓರಿಗೆಯವರು ಅನ್ನುವ ಮಾತೊಂದೇ ಅವಳ ಕಿವಿಯಲ್ಲಿ ಉಳಿಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತನ್ನೂರು ನಾಗಲದಿನ್ನೆಯಿಂದ ಆದೋನಿಯ ಚಿಕ್ಕಮ್ಮನ ಮನೆಗೆ ಬಂದಾಗಿನಿಂದ ಅವಳಿಗೆ ಅಂಥವರು ಯಾರೂ ಇರಲಿಲ್ಲ. ಊರಲ್ಲಿ ಹೊಳೆಗೆ ಹೋದರೆ ಪಕ್ಕದ ಕಲ್ಲಿನ ಮೇಲೆ ಯಾರಾದರೂ ಕೂತು ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ಮಾಳಿಗೆಯ ಮೇಲೆ ಒಬ್ಬಳೇ ಇರುವ ಕೋಣೆ, ಕೆಳಗೆ ಅವಳಿಗೆಂದು ಮುಚ್ಚಿಟ್ಟ ತಟ್ಟೆ.

ಮೂರು ದಿನ ಅವಳು ಹಾಯಿಯನ್ನೇ ಹೊಲಿದಳು. ಆ ಅಂಗಡಿಗೆ ಸೇರಿದವರಿಗೆ ಸಾವ್ಕಾರ ಮೊದಲು ಕಲಿಸುವ ಮಾತು ಒಂದೇ: "ಹತ್ತಿ ಬಟ್ಟಿ ಮೊದಲ್ನೇ ಮಳಿಗೆ ಕುಗ್ಗತೈತಿ. ಮಾರಿಗೆ ಒಂದು ಬೆರಳು ಸಡ್ಲ ಬಿಡ್ರಿ. ಬಿಗಿ ಹೊಲದ್ರ ಹೊಲಿಗಿ ಹರೀತೈತಿ." ಎರಡು ಕೈ ಚಾಚಿದಷ್ಟು ಉದ್ದಕ್ಕೆ ಒಂದು ಬೆರಳಿನಷ್ಟು ಬಟ್ಟೆಯನ್ನು ಹೊಲಿಗೆಯಲ್ಲಿ ನವಿರಾಗಿ ಅಡಗಿಸಿಬಿಡುವುದು. ಶಿವಲಕ್ಷ್ಮಿ ಹಾಗೇ ಬಿಟ್ಟಳು. ಕೈ ತಾನಾಗಿ ಬಿಟ್ಟಿತು.

"ಏನವ್ವಾ, ಹಡಗ ಹತ್ತಿ ಹೋಗಾಕಿ, ನಮ್ಮನ್ನೂ ಕರ್ಕೊಂಡು ಹೋಗು," ಅಂದಳು ಗಾದಿಲಿಂಗಮ್ಮ. "ನಂಗ ಈಜು ರಾದು, ಮುಳುಗಿದ್ರ ನೀನೇ ಹಿಡ್ಕೋಬೇಕು."

ಶಿವಲಕ್ಷ್ಮಿ ನಕ್ಕಳು. ಏನು ಹೇಳಬೇಕೆಂದು ಹುಡುಕುವಷ್ಟರಲ್ಲಿ ಗಾದಿಲಿಂಗಮ್ಮನ ಮಿಷನ್ನು ಶುರುವಾಯಿತು.

ಶನಿವಾರ ಬಸವಪ್ರಸಾದ್ ಬಂದು ಹಾಯಿ ಎತ್ತಿ ನೋಡಿದ. "ಸೂಪರ್ ಐತಿ! ಗಾಳಿ ಬೆನ್ನಿಗಿದ್ರ ಯಾರಾದ್ರೂ ಓಡಸ್ತಾರ. ತಿರುಗಿ ಬರೋವಾಗ ಮೂಡಗಾಳಿ ಎದುರಿಗೆ ಹೊಡೀತೈತಿ ನೋಡು, ಆಗ ಹಾಯಿ ಹಲಗಿ ಇದ್ದಂಗ ಇರ್ಬೇಕು. ಒಂದು ಸುಕ್ಕಿದ್ರೂ ಆಟ ಮುಗೀತು."

ಶಿವಲಕ್ಷ್ಮಿ ಬಾಯಿ ತೆರೆದಳು. ಒಂದು ಬೆರಳು ಸಡಿಲ ಬಿಟ್ಟೀನಿ ಅನ್ನಬೇಕೆಂದಿದ್ದಳು. ನೀರು ಬಿದ್ದರೆ ತಾನೇ ಬಿಗಿಯುತ್ತದಲ್ಲ ಅಂದುಕೊಂಡು ಸುಮ್ಮನಾದಳು. ರೇಸು ನೋಡಲೆಂದು ಅವನು ಅವಳ ಫೋನಿನಲ್ಲಿ ಒಂದು ನಕಾಶೆ ತೆರೆದು ಕೊಟ್ಟ. ಒಂದೊಂದು ದೋಣಿ ಒಂದೊಂದು ಚುಕ್ಕಿ; ಅರಿಶಿನ ಬಣ್ಣದ್ದು ತನ್ನದು ಅಂದ.

ಆಯ್ತವಾರ ಚಿಕ್ಕಮ್ಮನ ಮನೆಯವರೆಲ್ಲ ಪೆದ್ದಕಡುಬೂರಿಗೆ ಮದುವೆಗೆ ಹೋದರು. ಬರ್ತೀಯೇನು ಎಂದು ಯಾರೂ ಕೇಳಲಿಲ್ಲ. ಶಿವಲಕ್ಷ್ಮಿ ಚಾರ್ಜರಿನ ವೈರು ಎಟಕುವಷ್ಟು ದೂರಕ್ಕೆ ಚಾಪೆ ಹಾಕಿ ಕೂತಳು. ಚುಕ್ಕಿಗಳು ಡ್ಯಾಮಿನ ಗೋಡೆ ಬಿಟ್ಟು ಪಡುವಣಕ್ಕೆ ಹೊರಟವು. ಅರಿಶಿನದ್ದು ನಡುವೆ ಇತ್ತು, ಆಮೇಲೆ ಎರಡನೆಯದಾಯಿತು, ಊಟದ ಹೊತ್ತಿಗೆ ಎಲ್ಲಕ್ಕಿಂತ ಮುಂದೆ.

"ಹೋಗು, ಹೋಗು!" ಅಂದಳು. ಖಾಲಿ ಮನೆಯಲ್ಲಿ ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಆ ಇಬ್ಬರು ಹುಡುಗಿಯರು ಈಗ ದಂಡೆಯ ಮೇಲೆ ನಿಂತಿರಬೇಕು, ಹೋದರೆ ಮೊದಲ ದಿನ ಅವರ ಹೆಸರು ಕೇಳಬೇಕು, ಕೇಳಿದ ಮೇಲೆ ತನ್ನದನ್ನೂ ಹೇಳಬೇಕು. ತನ್ನ ಹೆಸರನ್ನು ಮೆಲ್ಲಗೆ ಹೇಳಿಯೂ ನೋಡಿದಳು.

ಚುಕ್ಕಿಗಳು ತಿರುಗಿದವು. ಈಗ ಗಾಳಿ ಎದುರು. ಎಲ್ಲವೂ ಅತ್ತ ಇತ್ತ ಓಲಾಡುತ್ತ ಡ್ಯಾಮಿನ ಕಡೆ ಬರತೊಡಗಿದವು. ಅರಿಶಿನದ್ದು ಮಾತ್ರ ಅಗಲಕ್ಕೆ ಅಗಲಕ್ಕೆ ಹೋಗಿ, ಹೋದಲ್ಲಿಂದ ಬಂದಲ್ಲಿಗೇ ಬರುತ್ತಿತ್ತು. ಒಂದು ಚುಕ್ಕಿ ಅದನ್ನು ದಾಟಿತು, ಇನ್ನೊಂದು ದಾಟಿತು.

ಶಿವಲಕ್ಷ್ಮಿ ಎದ್ದಳು. ಹಾಯಿಯ ಬಿಚ್ಚಿದ ಹೊಲಿಗೆಯ ಅಂಚಿನಿಂದ ಕತ್ತರಿಸಿ ತೆಗೆದ ಒಂದು ಮಾರು ಉದ್ದದ ಪಟ್ಟಿ ಅವಳ ಚೀಲದಲ್ಲಿತ್ತು. ಅಷ್ಟೇ ಉದ್ದದ ಒಂದು ತಾಡಪತ್ರಿ ಪಟ್ಟಿಯನ್ನೂ ತೆಗೆದುಕೊಂಡು ಎರಡನ್ನೂ ಬಕೀಟಿನಲ್ಲಿ ಅದ್ದಿದಳು, ಹಿಂಡಿದಳು, ಬಿಸಿಲು ಕಾದ ಗೋಡೆಯ ಮೇಲೆ ಒಣಹಾಕಿ ಅಲ್ಲೇ ನಿಂತಳು. ಒಣಗಿದ ಮೇಲೆ ಒಂದರ ಪಕ್ಕ ಒಂದು ಹಿಡಿದಳು. ತಾಡಪತ್ರಿ ಒಂದು ಬೆರಳು ಕುಗ್ಗಿತ್ತು. ಬಿಳಿಯದು ಇದ್ದಷ್ಟೇ ಇತ್ತು.

ಅದು ಹತ್ತಿಯೇ ಅಲ್ಲ; ನೀರು ಬಿದ್ದರೂ ಅವಳು ಬಿಟ್ಟ ಸಡಿಲ ಹಾಗೇ ಉಳಿದಿತ್ತು. ಹತ್ತಿಯ ಊರಿನಲ್ಲಿ ಬಟ್ಟೆಯೆಂದರೆ ಹತ್ತಿಯೇ ಎಂದು ಅವಳ ಕೈ ತಿಳಿದುಕೊಂಡಿತ್ತು.

ಕೋಣೆಗೆ ಬಂದು ನೋಡಿದಾಗ ಉಳಿದ ಚುಕ್ಕಿಗಳೆಲ್ಲ ಡ್ಯಾಮಿನ ಹತ್ತಿರ ಒಟ್ಟಾಗಿ ನಿಂತಿದ್ದವು. ಅರಿಶಿನದ್ದು ನಡುನೀರಿನಲ್ಲಿ ಒಂದೇ ಇತ್ತು. ಅದು ದಡ ಸೇರುವವರೆಗೂ ಅವಳು ಫೋನು ಕೆಳಗಿಡಲಿಲ್ಲ.

ಸೋಮವಾರ ಬೆಳಿಗ್ಗೆ ಬಸವಪ್ರಸಾದನ ಫೋನು ಬಂತು. ಕೊಟ್ರಬಸಪ್ಪ ಗಾದಿಯ ಮೇಲೆ ಕೂತು ಸ್ಪೀಕರ್ ಹಾಕಿದ.

"ಕಡೀಕ ಬಂದೆ ಮಾಮಾ! ಹಾಯಿ ಬಸುರಿ ಹೊಟ್ಟಿ ಆದಂಗ ಆಗಿತ್ತು. ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು."

"ನಾ ಮೊದ್ಲೇ ಅಂದಿಲ್ಲೇನು, ಪೆಂಡಾಲ್ ಅಂತ!" ಕೊಟ್ರಬಸಪ್ಪನೂ ನಕ್ಕ. "ಈಗೇನು ಮಾಡ್ತಿ?"

"ಅದನ್ನ ಶೆಡ್ಡಿನ ಮೂಲಿಗೆ ಒಗದೀನಿ. ಹೊಸದು ಚೆನ್ನೈಯಿಂದ ಬರ್ತೈತಿ. ಅದಿರ್ಲಿ, ಅವ್ವಗ ಮಂಡಿನೋವಿನ ಎಣ್ಣಿ ಕಳಸ್ತೀನಿ ಅಂದಿದ್ದೆಲ್ಲ?"

ಎಣ್ಣೆಯ ಮಾತಾಯಿತು. ಹತ್ತಿಯ ರೇಟಿನ ಮಾತಾಯಿತು. ತನ್ನ ಹೆಸರು ಈಗ ಬಂದೀತು, ಈಗ ಬಂದೀತು ಎಂದು ಶಿವಲಕ್ಷ್ಮಿ ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು. ಬೈದರೂ ಆದೀತು ಅನ್ನಿಸಿತು. ಅವರು ಬೈಯಲೂ ಇಲ್ಲ.

ಅವಳು ಎದ್ದು ಗಾದಿಯ ಹತ್ತಿರ ಹೋದಳು. ಕರೆಯದೆ ಅಲ್ಲಿಗೆ ಹೋದದ್ದು ಅದೇ ಮೊದಲು.

"ಅಣ್ಣಾರೇ," ಅಂದಳು ಫೋನಿನ ಕಡೆ ಬಗ್ಗಿ. "ನಾ ಶಿವಲಕ್ಷ್ಮಿ. ತಪ್ಪು ಎಲ್ಲಿ ಆಗೈತಿ ಅಂತ ನನಗ ಗೊತ್ತಾತ್ರಿ."

ಆ ಕಡೆ ಯಾರೋ ಬಸವಪ್ರಸಾದನನ್ನು ಕೂಗಿದರು. ಅವನು ಅವರಿಗೆ ಬಂದೆ ಬಂದೆ ಅನ್ನುತ್ತಿದ್ದ. ಕೊಟ್ರಬಸಪ್ಪ ಬಾಗಿಲಿಗೆ ಬಂದ ಲಾರಿಯವನಿಗೆ ಒಳಗೆ ಬಾ ಎಂದು ಕೈ ಮಾಡಿದ. ಗಾದಿಲಿಂಗಮ್ಮ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಬಟ್ಟೆ ಮುಂದಕ್ಕೆ ತಳ್ಳಿದಳು. ಮಿಷನ್ನು ಓಡಿತು.

ಶಿವಲಕ್ಷ್ಮಿ ದನಿ ಏರಿಸಿದಳು.

"ಆ ಹಾಯಿ ಇನ್ನೊಂದ್ಸಲ ನನಗ ಕಳಿಸಿ ಕೊಡ್ರಿ."