ಸಂಶಯದ ನಲವತ್ತೆರಡು ಚೀಟಿಗಳು

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಜಗ್ಗಿ ನೋಡಿ, ಮೆಟ್ಟಿಲಿಳಿದು, ಅರ್ಧ ದಾರಿಯಿಂದ ಮತ್ತೆ ಮೇಲೆ ಬಂದು, ತಾವು ಜಗ್ಗಿದ್ದು ಇದೇ ಬೀಗವೋ ಅಷ್ಟರಲ್ಲಿ ಯಾರಾದರೂ ಬೇರೆ ಬೀಗ ತಗುಲಿಸಿದರೋ ಎಂದು ಬಗ್ಗಿ ಪರೀಕ್ಷಿಸುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ನಿಘಂಟು ಕಚೇರಿಯ ಹಿರಿಯ ಸಂಪಾದಕರು. ಬೆನ್ನ ಹಿಂದೆ ನಾವೆಲ್ಲ ಭೂತಗನ್ನಡಿ ಎನ್ನುತ್ತಿದ್ದೆವು. ಅವರ ಕಪ್ಪು ಕೋಟಿನ ಮೇಲ್ಜೇಬಿನಲ್ಲಿ ಒಂದು ಭೂತಗನ್ನಡಿ ಸದಾ ಇರುತ್ತಿತ್ತು. ಎಂಥ ಸೆಕೆಯಲ್ಲೂ ಆ ಕೋಟನ್ನು ಕಳಚಿ ಗೂಟಕ್ಕೆ ಹಾಕಿದವರಲ್ಲ. ಗೂಟದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಬೆನ್ನನ್ನು ಆದಷ್ಟು ಗೋಡೆಯ ಕಡೆಗಿಟ್ಟುಕೊಂಡು ಓರೆಯಾಗಿ ನಡೆಯುತ್ತಿದ್ದರು. ಯಾರಾದರೂ ನಮಸ್ಕಾರ ಹೇಳಿದರೆ, ಈ ನಮಸ್ಕಾರ ಇವತ್ತು ಯಾತಕ್ಕೆ ಬಂತು ಎಂದು ಒಂದು ಕ್ಷಣ ಯೋಚಿಸಿ ಆಮೇಲೆ ತಲೆಯಾಡಿಸುತ್ತಿದ್ದರು.

ಪದಗಳ ವಿಷಯದಲ್ಲಿ ಈ ಗುಣ ಚಿನ್ನದಂಥದು, ಅದನ್ನು ಒಪ್ಪಲೇಬೇಕು. ಒಂದೊಂದು ಪ್ರಯೋಗವನ್ನೂ ಒಂದೊಂದು ಚೀಟಿಯ ಮೇಲೆ ಬರೆದು, ಅಕಾರಾದಿಯಾಗಿ ಮರದ ಖಾನೆಗಳಲ್ಲಿ ಜೋಡಿಸಿಡುವುದು ನಮ್ಮ ಪದ್ಧತಿ. “ಎಲ್ಲಿದೆ? ತೋರ್ಸಿ” ಎಂಬುದು ಅವರ ಮಂತ್ರ. ಮೂಲ ಪುಸ್ತಕವನ್ನು ತರಿಸಿ, ಪುಟ ತೆಗೆಸಿ, ಕಣ್ಣಾರೆ ಕಂಡ ಹೊರತು ಚೀಟಿಗೆ ಹಸಿರು ಶಾಯಿಯ ರುಜು ಬೀಳುತ್ತಿರಲಿಲ್ಲ. ವ್ಯುತ್ಪತ್ತಿ ಶಂಕಾಸ್ಪದವಾದರೆ ಪದದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ. ಅವರ ಹೆಂಡತಿ ಒಮ್ಮೆ ನಗುತ್ತಲೇ, “ಮೂವತ್ತು ವರ್ಷ ಆಯ್ತು, ನನ್ನ ಪಕ್ಕದಲ್ಲಿ ಇಟ್ಟಿರೋ ಪ್ರಶ್ನೆ ಚಿಹ್ನೆ ಇನ್ನೂ ಅಳಿಸಿಲ್ಲ” ಎಂದಿದ್ದರು. ನಾವೂ ನಕ್ಕೆವು. ಆ ತಾಯಿಯ ನಗು ತುಟಿಯಿಂದ ಮೇಲಕ್ಕೆ ಏರಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಖಾನೆಗಳೆಲ್ಲ ನಾವು ಚೀಟಿ ಅಕ್ಕ ಎಂದು ಕರೆಯುತ್ತಿದ್ದ ಗುಮಾಸ್ತೆಯ ವಶದಲ್ಲಿದ್ದವು. ಹತ್ತೊಂಬತ್ತು ವರ್ಷ ಆಕೆ ಲಕ್ಷಾಂತರ ಚೀಟಿಗಳನ್ನು ತೆಗೆದು ಕೊಟ್ಟಿದ್ದಳು, ಮತ್ತೆ ಅವುಗಳ ಜಾಗಕ್ಕೆ ಸೇರಿಸಿದ್ದಳು. ಕಣ್ಣು ಮುಚ್ಚಿಸಿ ಕೇಳಿದರೂ ಯಾವ ಪದ ಯಾವ ಸಾಲಿನಲ್ಲಿದೆ ಎಂದು ಹೇಳುತ್ತಿದ್ದಳು. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು.

‘ಸ’ಕಾರದ ಕೆಲಸ ನಡೆದಿದ್ದ ಕಾಲ ಅದು. ‘ಸಂಶಯ’ದ ನಮೂದನ್ನು ತಾವೇ ಬರೆಯುವುದಾಗಿ ಭೂತಗನ್ನಡಿಯವರು ಹೇಳಿದ್ದರು. ಒಂದು ಮಧ್ಯಾಹ್ನ ನಮಗೆಲ್ಲ ಪಾಠವನ್ನೇ ಮಾಡಿದರು. ‘ಗುಮಾನಿ’ ಪಾರಸಿಯ ಕಡೆಯಿಂದ ಬಂದ ನೆಂಟ. ‘ಅನುಮಾನ’ ಶಾಸ್ತ್ರದಲ್ಲಿ ಗೌರವಸ್ಥ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಪ್ರಮಾಣಕ್ಕೆ ಆ ಹೆಸರು, ಜನರ ಬಾಯಿಗೆ ಬಿದ್ದ ಮೇಲೆ ನೆರೆಮನೆಯವರ ಮೇಲೆ ಕಣ್ಣಿಡುವ ಕೆಲಸಕ್ಕೆ ಇಳಿಯಿತು. ಇನ್ನು ‘ಸಂಶಯ’: ಅದರ ಧಾತು ‘ಶೀ’, ಮಲಗು ಎಂದರ್ಥ. “ಹೌದೋ ಅಲ್ಲವೋ ಅಂತ ಎರಡರ ನಡುವೆ ಮನಸ್ಸು ಮಲಗಿಬಿಡುತ್ತಲ್ಲ, ಅದು ಸಂಶಯ. ಎರಡು ಮಗ್ಗುಲೂ ಇರಬೇಕು” ಎಂದು ಅಂಗೈಯನ್ನು ಮೇಜಿನ ಮೇಲೆ ಅತ್ತಿತ್ತ ಹೊರಳಿಸಿ ತೋರಿಸಿದರು. ಎಂಥ ವಿದ್ವತ್ತು ಎಂದು ನಾನು ಬೆರಗಾಗಿ ಕೂತಿದ್ದೆ.

ಮರುದಿನ ಬೆಳಿಗ್ಗೆ ಖಾನೆ ಎಳೆದರೆ ‘ಸಂಶಯ’ದ ಚೀಟಿಗಳಿಲ್ಲ. ನಲವತ್ತೆರಡರಲ್ಲಿ ಒಂದೂ ಇಲ್ಲ.

ಭೂತಗನ್ನಡಿಯವರು ಕೂಗಾಡಲಿಲ್ಲ. ಬಾಗಿಲು ಮುಚ್ಚಿಸಿ, “ಚೀಟಿಗಳಿಗೆ ಕಾಲಿಲ್ಲ. ಯಾರದೋ ಚೀಲದಲ್ಲಿವೆ” ಎಂದರು. ಚೀಟಿ ಅಕ್ಕನ ಕೈ ಮಡಿಲಲ್ಲಿದ್ದ ಚೀಲದ ಮೇಲೆ ಹೋಯಿತು. ಹೋಗದೆ ಏನು? ನನ್ನ ಕೈಯೂ ನನ್ನ ಚೀಲದ ಮೇಲೆ ಹೋಗಿತ್ತು. ಆದರೆ ಅವರು ನೋಡಿದ್ದು ಆಕೆಯನ್ನು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ” ಎಂದರು, ಆಕೆಯ ಚೀಲವನ್ನು ತೆಗೆದುಕೊಂಡು ಮೇಜಿನ ಮೇಲೆ ಸುರಿದರು. ಕನ್ನಡಕದ ಡಬ್ಬಿ, ಮಾತ್ರೆಯ ಪಟ್ಟಿ, ಸೂಜಿ ಸಮೇತ ಅರ್ಧ ಹೆಣೆದ ಪುಟ್ಟ ಕಾಲುಚೀಲ, ಮತ್ತು ಒಂದು ಚೀಟಿ. ರದ್ದಾದ ಚೀಟಿ ಅದು. ಅದರ ಬೆನ್ನ ಮೇಲೆ ಸೋಪು, ನೂಲು, ಅಳಿಯನಿಗೆ ಕೆಮ್ಮಿನ ಔಷಧಿ ಎಂದು ಬರೆದಿತ್ತು. ರದ್ದಾದ ಚೀಟಿಯ ಮೇಲೆ ಸಾಮಾನಿನ ಪಟ್ಟಿ ಬರೆಯದವರು ಆ ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಭೂತಗನ್ನಡಿಯವರು ಅದನ್ನು ಬೆಳಕಿಗೆ ಹಿಡಿದರು.

“ಅಳಿಯ ಎಲ್ಲಿ ಕೆಲಸ ಮಾಡೋದಮ್ಮಾ?”

“ಪ್ರೆಸ್ಸಿನಲ್ಲಿ ಸಾರ್.”

“ಬೇರೆಯವರ ನಿಘಂಟು ಅಚ್ಚಾಗ್ತಿರೋ ಪ್ರೆಸ್ಸಿನಲ್ಲಿ ತಾನೆ?”

“ಅಲ್ಲಿ ನಿಘಂಟು ಅಚ್ಚಾಗುತ್ತೆ ಅಂತಾನೇ ನಂಗೆ ಗೊತ್ತಿಲ್ಲ ಸಾರ್” ಎಂದಳು ಅಕ್ಕ. ನಮ್ಮ ಕಡೆ ಒಮ್ಮೆ ನೋಡಿದಳು. ನಾವು ಏಳು ಜನ, ಎಲ್ಲರೂ ಓದಿದವರು, ಎಲ್ಲರೂ ಮೇಜಿನ ಮರದ ಗೆರೆಗಳನ್ನು ಎಣಿಸುತ್ತಿದ್ದೆವು. ಸುದ್ದಿ ತಲುಪಿದ ಮೇಲೆ ಕಚೇರಿಯ ನಿರ್ದೇಶಕರು ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಮಾನ ಕೊಟ್ಟರು: ವಿಚಾರಣೆ ಮುಗಿಯುವವರೆಗೆ ಆಕೆ ಮನೆಯಲ್ಲಿರಲಿ. ವಿಚಾರಣೆ ಶುರುವಾಗಲೇ ಇಲ್ಲ, ಹಾಗಾಗಿ ಮುಗಿಯುವ ಪ್ರಶ್ನೆಯೂ ಏಳಲಿಲ್ಲ.

ಏಳು ವಾರ ಕಳೆದ ಮೇಲೆ, ಆಗಲೇ ಅಚ್ಚಿಗೆ ಹೋಗಿದ್ದ ‘ಶ’ಕಾರದ ಕರಡಿನಲ್ಲಿ ‘ಶಯನ’ದ ಒಂದು ಪುಟಸಂಖ್ಯೆ ತಪ್ಪಿದೆಯೆಂದು ಮುದ್ರಕರು ಕೇಳಿ ಕಳಿಸಿದರು. ಕೆಲಸ ಮುಗಿದ ಖಾನೆಗಳನ್ನು ಒಳಕೋಣೆಯ ಬೀರುವಿಗೆ ಸಾಗಿಸಿದ್ದೆವು. ಯಾರೂ ಅತ್ತ ಹೋಗುತ್ತಿರಲಿಲ್ಲ. ನಾನು ಹೋದೆ. ‘ಶಯನ’ದ ಹಿಂದೆ ದಾರ ಕಟ್ಟಿದ ಒಂದು ಕಟ್ಟು. ನಲವತ್ತೆರಡು ಚೀಟಿ. ಮೇಲಿನದರ ಮೇಲೆ ಹಸಿರು ಶಾಯಿ: ‘ಧಾತು ಶೀ. ತಾತ್ಕಾಲಿಕವಾಗಿ ಇಲ್ಲಿ ಇರಲಿ. ಹೋಲಿಸಿ ನೋಡಬೇಕು.’ ಕೆಳಗೆ ರುಜು, ನಮಗೆ ಪಾಠ ಮಾಡಿದ ದಿನದ ತಾರೀಕು. ಪದವನ್ನು ಅದರ ತಾಯಿಬೇರಿನ ಹತ್ತಿರ ಇಟ್ಟು, ಇಟ್ಟದ್ದನ್ನು ಮರೆತು, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು ಮಹಾನುಭಾವರು! ಕಟ್ಟನ್ನು ತಂದು ಅವರ ಮುಂದೆ ಕುಕ್ಕಿದೆ.

ಅವರು ಭೂತಗನ್ನಡಿ ತೆಗೆದರು. ತಮ್ಮ ರುಜುವನ್ನೇ ಬಹಳ ಹೊತ್ತು ನೋಡಿದರು.

“ನನ್ನ ಅಕ್ಷರದ ಹಾಗೇ ಇದೆ” ಎಂದರು. ಆಮೇಲೆ ಕಣ್ಣೆತ್ತಿ, “ಅಲ್ಲಪ್ಪಾ, ಇದು ಅಲ್ಲೇ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅಂದೇ ಸಂಜೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಹೇಳಿದೆ. “ಎಲ್ಲಾ ನಲವತ್ತೆರಡೂ ಇವೆಯಾ? ಹುಳ ಗಿಳ ಹಿಡಿದಿಲ್ಲ ತಾನೆ?” ಎಂಬುದು ಆಕೆಯ ಮೊದಲ ಮಾತು. ಇವೆ, ನೀವು ನಾಳೆಯೇ ಬನ್ನಿ ಅಕ್ಕ, ನಿರ್ದೇಶಕರು ಹೇಳಿ ಕಳಿಸಿದ್ದಾರೆ ಎಂದೆ.

“ಇಲ್ಲ ಕಣಪ್ಪ” ಎಂದಳು. “ಮೊಮ್ಮಗಳು ಕೇಳಿದ್ಲು, ಅಜ್ಜಿ ನೀನು ಏನು ಕದ್ದೆ ಅಂತ. ಏಳು ವರ್ಷದ ಮಗು. ಅದಕ್ಕೆ ಯಾವ ಚೀಟಿ ತೋರಿಸಲಿ?” ಬಾಗಿಲಿಗೆ ಕೈಯಿಟ್ಟು, “ಚೀಲ ಸುರಿದಾಗ ನೀನೂ ಅಲ್ಲೇ ಇದ್ದೆಯಲ್ಲ” ಎಂದಳು. ಒಳಗೆ ಬಾ ಎನ್ನಲಿಲ್ಲ.

‘ಸಂಶಯ’ದ ನಮೂದು ಅಚ್ಚಾಗಿದೆ, ನಲವತ್ತೆರಡು ಪ್ರಯೋಗಗಳೊಂದಿಗೆ, ಒಂದಕ್ಷರ ತಪ್ಪಿಲ್ಲದೆ. ಆ ಪುಟವನ್ನು ತೆರೆದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಇಂಥವರನ್ನು ಸಂಶಯದವರು ಎಂದು ಕರೆಯುವುದೇ ತಪ್ಪು. ಸಂಶಯಕ್ಕೆ ಎರಡು ಮಗ್ಗುಲಿರಬೇಕು ಎಂದು ಹೇಳಿಕೊಟ್ಟವರೇ ಅವರು. ಅವರ ಮನಸ್ಸು ಎಂದೂ ನಡುವೆ ಮಲಗಲಿಲ್ಲ, ನೆಟ್ಟಗೆ ಎದ್ದು ಬಡವಿಯ ಚೀಲಕ್ಕೆ ಕೈ ಹಾಕಿತು. ಜಗತ್ತಿಗೆಲ್ಲ ಪುರಾವೆ ಕೇಳುವ ಈ ಜಾತಿಯ ಜನ ತಮ್ಮ ಗುಮಾನಿಗೆ ಮಾತ್ರ ಪುರಾವೆ ಕೇಳುವುದಿಲ್ಲ. ಆದರೆ ಅವರು ಒಬ್ಬೊಬ್ಬರೇ ಬೆಳೆಯುವವರಲ್ಲ. ಅಂಥವನೊಬ್ಬ ಬೆಳೆಯಬೇಕಾದರೆ ಅವನ ಸುತ್ತ ಓದು ಬಲ್ಲ, ನಯ ಬಲ್ಲ, ಸಮಯಕ್ಕೆ ಸರಿಯಾಗಿ ಬಾಯಿ ಮುಚ್ಚಿಕೊಳ್ಳಬಲ್ಲ ಏಳು ಜನ ಬೇಕು. ನಾವು ಸರಿಯಾಗಿ ಏಳು ಜನ ಇದ್ದೆವು.