ಕಹಿ ಇದ್ದದ್ದೇ ಮದ್ದು

ಎಣ್ಣೆ ಸೀಗೇಕಾಯಿಯನ್ನು ಒಂದೇ ಬಟ್ಟಲಿಗೆ ಹಾಕಿ ಮುಚ್ಚಿಟ್ಟರೆ ಏನಾಗುತ್ತದೆ ಎಂದು ನೋಡಬೇಕಾದವರು ಆ ಮೂರನೇ ಮಹಡಿಯ ಮನೆಗೆ ಬರಬೇಕಿತ್ತು. ಆದರೆ ಯಾರೂ ಬರುವ ಹಾಗಿರಲಿಲ್ಲ. ಬಾಗಿಲಿಗೆ ಹಳದಿ ಚೀಟಿ ಅಂಟಿಸಿದ್ದರು. ಇಪ್ಪತ್ತೊಂದು ದಿನ ಒಳಗಿದ್ದವರು ಹೊರಗೆ ಬರಕೂಡದು, ಹೊರಗಿದ್ದವರು ಒಳಗೆ ಕಾಲಿಡಕೂಡದು. ಒಳಗಿದ್ದವರು ಇಬ್ಬರು, ಅತ್ತೆ ಮತ್ತು ಸೊಸೆ.

ಇಬ್ಬರ ನಡುವೆ ಇದ್ದ ಒಬ್ಬ ಗಂಡಸು ಆಸ್ಪತ್ರೆಯಲ್ಲಿ ಮಲಗಿದ್ದ. ಅವನು ಲ್ಯಾಬಿನ ವ್ಯಾನ್ ಓಡಿಸುವವನು. ಎಲ್ಲಿಂದಲೋ ಜ್ವರ ಹತ್ತಿಸಿಕೊಂಡು ಮನೆಗೆ ಬಂದು, ಅಮ್ಮನ ಕೈಯಿಂದ ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು, ಹೆಂಡತಿಯ ಕೈಯಿಂದ ಗಂಜಿ ಮಾಡಿಸಿಕೊಂಡು, ಮೂರನೇ ದಿನ ಆಂಬುಲೆನ್ಸ್ ಹತ್ತಿದ್ದ. ಅದು ಬಂದ ಮೂವರಲ್ಲಿ ಒಬ್ಬರನ್ನು ಕೊಂಡೊಯ್ಯುವ ಜ್ವರ. ಅವನು ಇನ್ನೂ ಉಸಿರಾಡುತ್ತಿದ್ದಾನೆ ಎಂಬ ಸುದ್ದಿ ದಿನವೂ ಮಧ್ಯಾಹ್ನ ಫೋನಿನಲ್ಲಿ ಬರುತ್ತಿತ್ತು. ನಾಲ್ಕು ವರ್ಷದ ಮಗಳು ಮೊದಲೇ ದೊಡ್ಡಮ್ಮನ ಮನೆಗೆ ಹೋಗಿದ್ದಳು, ಅದೊಂದು ಪುಣ್ಯ.

ಮೊದಲ ದಿನವೇ ನರ್ಸ್ ಬಂದು ಗ್ರಿಲ್ಲಿನ ಆಚೆ ಸ್ಟೂಲು ಹಾಕಿಕೊಂಡು ಕೂತಳು. ಕಣ್ಣು ಬಿಟ್ಟರೆ ಮಿಕ್ಕಿದ್ದೆಲ್ಲ ಮುಚ್ಚಿಕೊಂಡಿದ್ದಳು. ರೋಗಿಯನ್ನು ಮುಟ್ಟಿದವರಿಗೆ ಜ್ವರ ಬೇರೂರುವ ಮುಂಚೆಯೇ ಮಾತ್ರೆ ಕೊಟ್ಟರೆ ತಡೆಯಬಹುದೇ ಎಂದು ಒಂದು ಸಂಶೋಧನೆ ನಡೆಯುತ್ತಿದೆ, ಒಪ್ಪಿದರೆ ಸೇರಬಹುದು, ಬೇಡವೆಂದರೆ ಬೇಸರವಿಲ್ಲ ಎಂದಳು.

"ಕೆಲವು ಸೀಸೆಯಲ್ಲಿ ನಿಜವಾದ ಮಾತ್ರೆ ಇರುತ್ತೆ ಅಮ್ಮ, ಕೆಲವದ್ರಲ್ಲಿ ಬರೀ ಹಿಟ್ಟು. ಯಾರಿಗೆ ಯಾವ್ದು ಅಂತ ನಿಮಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಯಾರಾದ್ರೂ ಹುಷಾರು ತಪ್ಪಿದ್ರೆ ಮಾತ್ರ ಡಾಕ್ಟರು ಮುಚ್ಚಿದ ಲಕೋಟೆ ಒಡೆದು ನೋಡ್ತಾರೆ."

"ಕೊಡೋರಿಗೇ ಗೊತ್ತಿಲ್ವಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು. ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವರು ಅವರು. "ಕಣ್ಣಿಗೆ ಬಟ್ಟೆ ಕಟ್ಕೊಂಡು ಒಗ್ಗರಣೆ ಹಾಕಿದ ಹಾಗಾಯ್ತು. ಎಂಥಾ ಸಂಶೋಧನೆ ನಿಮ್ಮದು!"

ಆದರೂ ಇಬ್ಬರೂ ಸಹಿ ಹಾಕಿದರು. ಹಿಟ್ಟೋ ಮದ್ದೋ, ಸುಮ್ಮನೆ ಕೂರುವುದಕ್ಕಿಂತ ಮೇಲು. ಸೊಸೆಗೆ ನಲವತ್ತೊಂದನೇ ನಂಬರಿನ ಸೀಸೆ, ಅತ್ತೆಗೆ ನಲವತ್ತೆರಡು. ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ನರ್ಸ್ ಎದುರಿಗೇ ನುಂಗಬೇಕು. ಅಗಿಯಬಾರದು.

ಆಮೇಲೆ ಶುರುವಾಯಿತು ನೋಡಿ ಸೆರೆವಾಸ. ಎರಡು ಕೋಣೆ, ಒಂದು ಅಡುಗೆಮನೆ, ಆಚೆ ಕಟ್ಟಡದ ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಕೂದಲೆಳೆಯಷ್ಟು ಗೀರೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಈಗ ಆ ಕಣ್ಣಿಗೆ ಎದುರಿನ ಗೋಡೆಯ ಬಿರುಕು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಎಂಟು ಹೆಜ್ಜೆ ಆಚೆ, ಎಂಟು ಹೆಜ್ಜೆ ಈಚೆ. ಎದ್ದರೆ ಅತ್ತೆ, ಕೂತರೆ ಅತ್ತೆ. ಪಾತ್ರೆ ಬೋರಲು ಹಾಕಿದ್ದೇಕೆ, ನಲ್ಲಿ ಇಷ್ಟು ಬಿಟ್ಟಿದ್ದೇಕೆ. ಒಂಬತ್ತು ವರ್ಷದಿಂದ ಕೇಳಿದ ಮಾತೇ. ಆದರೆ ಮೊದಲೆಲ್ಲ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಡಬಹುದಿತ್ತು. ಈಗ ಬಚ್ಚಲುಮನೆಯೊಂದೇ ಅವಳ ತವರುಮನೆ. ಅಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು.

ಇದೆಲ್ಲದರ ಜೊತೆಗೆ ಥರ್ಮಾಮೀಟರಿನ ಭಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅದು ಬೀಪ್ ಅನ್ನುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮೂರನೇ ದಿನ ಮಾತ್ರೆ ನುಂಗುವಾಗ ಅದು ಗಂಟಲಲ್ಲಿ ಸಿಕ್ಕಿಕೊಂಡು ಕಹಿಯಾಯಿತು. "ಥೂ, ಹಾಗಲಕಾಯಿ ಇದ್ದ ಹಾಗಿದೆ" ಎಂದು ಸೊಸೆ ಮುಖ ಕಿವುಚಿದಳು. ಅತ್ತೆ ನಕ್ಕರು. ಆ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತೋ. ನನ್ನ ಕಷ್ಟ ಕಂಡರೆ ಇವರಿಗೆ ಹಬ್ಬ ಎಂದುಕೊಂಡು ಸೊಸೆ ಬಚ್ಚಲುಮನೆಗೆ ಹೋದಳು.

ಹದಿನಾಲ್ಕನೇ ದಿನ ಬೆಳಿಗ್ಗೆ ಮೈ ಕೈ ನೋಯುತ್ತಿತ್ತು. ಥರ್ಮಾಮೀಟರ್ ನೂರೊಂದು ತೋರಿಸಿತು. ಇನ್ನೊಂದು ಸಲ ಇಟ್ಟರೆ ನೂರೊಂದೂವರೆ. ಗ್ರಿಲ್ಲಿನಾಚೆ ನರ್ಸ್ ಎದ್ದು ನಿಂತು, "ಗಾಬರಿಯಾಗ್ಬೇಡಿ, ಗಾಡಿ ಕಳಿಸ್ತೀನಿ. ಡಾಕ್ಟರು ಫೋನ್ ಮಾಡ್ತಾರೆ" ಎಂದು ಮೆಟ್ಟಿಲಿಳಿದು ಓಡಿದಳು. ಅವಳು ಓಡಿದ ರೀತಿ ನೋಡಿಯೇ ಸೊಸೆಗೆ ಅರ್ಥವಾಯಿತು. ಮಗಳ ಮುಖ ಕಣ್ಣ ಮುಂದೆ ಬಂತು. ಗೋಡೆಗೆ ಒರಗಿ ಕೂತು ಅತ್ತುಬಿಟ್ಟಳು.

ಅತ್ತೆ ಬಾಗಿಲ ಹತ್ತಿರ ಬಂದು ನಿಂತರು. ಹತ್ತಿರ ಬರಬೇಡಿ ಎಂದರೂ ಕೇಳಲಿಲ್ಲ.

"ಅಳ್ಬೇಡ ಕಣೇ. ನಿನಗೇನೂ ಆಗಲ್ಲ. ನಿನ್ನ ಹೊಟ್ಟೆಗೆ ಹೋಗಿರೋದು ನಿಜವಾದ ಮಾತ್ರೆ."

"ಅದು ಯಾರಿಗೂ ಗೊತ್ತಿಲ್ಲ ಅತ್ತೆ."

"ನನಗೆ ಗೊತ್ತು." ಅತ್ತೆ ದನಿ ತಗ್ಗಿಸಿದರು, ಮನೆಯಲ್ಲಿ ಮೂರನೆಯವರು ಇದ್ದಾರೇನೋ ಎಂಬಂತೆ. "ಎರಡನೇ ದಿನ ನೀನು ಸ್ನಾನಕ್ಕೆ ಹೋದಾಗ ಎರಡೂ ಸೀಸೆಯಿಂದ ಒಂದೊಂದು ತೆಗೆದು ಹಲ್ಲಲ್ಲಿ ಕಚ್ಚಿ ನೋಡ್ದೆ. ನಿಂದು ಸಪ್ಪೆ, ಗೋಡೆ ಸುಣ್ಣ ನೆಕ್ಕಿದ ಹಾಗೆ. ನಂದು ಕಹಿ ಅಂದ್ರೆ ಕಹಿ. ಕಹಿ ಇದ್ದದ್ದೇ ತಾನೇ ಮದ್ದು? ನನ್ನ ನಾಲಿಗೆಗೆ ಹೇಳಿಕೊಡ್ತಾರಾ ಇವರು? ಮಾತ್ರೆ ಎಲ್ಲಾ ತಟ್ಟೆಗೆ ಸುರಿದು, ನಂದು ನಿನ್ನ ಸೀಸೆಗೆ, ನಿಂದು ನನ್ನ ಸೀಸೆಗೆ ಹಾಕ್ದೆ. ನಾನು ಇದ್ರೆಷ್ಟು, ಹೋದ್ರೆಷ್ಟು. ನಿನಗೊಂದು ಮಗು ಇದೆ."

ಸೊಸೆ ಅಳು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಒಂಬತ್ತು ವರ್ಷ ಪಾತ್ರೆ ಬೋರಲು ಹಾಕಿದ್ದಕ್ಕೆ ಬೈದ ಹೆಂಗಸು ತನ್ನ ಪ್ರಾಣವನ್ನು ಸೀಸೆಯಲ್ಲಿ ತುಂಬಿ ಕೊಟ್ಟಿದ್ದಾಳೆ, ಅದೂ ಹೇಳದೆ, ಕೇಳದೆ. ಕಾಲಿಗೆ ಬೀಳಬೇಕೆನಿಸಿತು. ಈ ಜ್ವರ ಅತ್ತೆಗೂ ಬಂದರೆ ಏನು ಗತಿ ಎಂದೂ ಅನ್ನಿಸಿತು.

ಅಷ್ಟರಲ್ಲಿ ಫೋನ್ ಬಂತು. ಸೊಸೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು.

"ಲಕೋಟೆ ಒಡೆದು ನೋಡಿದೆವು" ಎಂದರು ಡಾಕ್ಟರು. "ನಲವತ್ತೊಂದು ನಿಜವಾದ ಮದ್ದಿನ ಸೀಸೆ. ಅದಕ್ಕೇ ಕೇಳ್ತಿದ್ದೀನಿ, ಒಂದು ದಿನಾನಾದ್ರೂ ತಪ್ಪಿಸಿದ್ರಾ? ಮದ್ದು ತಗೊಂಡೂ ಜ್ವರ ಬಂದಿರೋದು ನಿಮಗೊಬ್ಬರಿಗೇ. ಇದು ಹೀಗೇ ದಾಖಲಾದ್ರೆ ಮದ್ದು ಕೆಲಸ ಮಾಡಲ್ಲ ಅಂತಾಗುತ್ತೆ."

"ಆ ಮಾತ್ರೆ ಕಹಿನಾ ಡಾಕ್ಟ್ರೇ?"

"ಕಚ್ಚಿದ್ರಾ?" ಡಾಕ್ಟರು ನಿಟ್ಟುಸಿರಿಟ್ಟರು. "ಮೊದಲು ಕಹಿ ಇತ್ತು. ಯಾರಾದ್ರೂ ಕಚ್ಚಿ ಕಂಡುಹಿಡೀಬಾರದು ಅಂತ ಹಿಟ್ಟಿನ ಮಾತ್ರೆಗೂ ಕಹಿ ಬೆರೆಸಿದ್ರು. ಆಮೇಲೆ ಕಾರ್ಖಾನೆಯವರು ಮದ್ದಿನ ಕಹಿ ತೆಗೆದ್ರು, ಹಿಟ್ಟಿನದ್ದು ತೆಗೆಯೋಕೆ ಮರೆತ್ರು. ಈಗ ಕಹಿ ಇರೋದು ಹಿಟ್ಟೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದನ್ನೇ ಕಿತ್ತುಕೊಂಡಿದ್ದರು, ಅದೂ ಪ್ರೀತಿಯಿಂದ. ಅವಳಿಗೆ ಸಿಟ್ಟು ಬಂತು. ಸುಳ್ಳೇಕೆ, ಕಂಡಾಪಟ್ಟೆ ಸಿಟ್ಟು ಬಂತು. ಹೊರಗೆ ಹೋಗಿ ಆ ಮುದುಕಿಯ ಎರಡೂ ಭುಜ ಹಿಡಿದು ಅಲುಗಾಡಿಸಬೇಕು, ನಿಮ್ಮ ನಾಲಿಗೆ ಸುಟ್ಟುಹೋಗಲಿ ಎನ್ನಬೇಕು ಅನ್ನಿಸಿತು. ಗೋಡೆಗೆ ಹಣೆಯೊತ್ತಿ ನಿಂತಳು. ಕೋಣೆಯೂ ಎಂಟೇ ಹೆಜ್ಜೆ, ಸಿಟ್ಟಿಗೂ ಹೋಗಲು ಜಾಗವಿರಲಿಲ್ಲ.

ಕೊನೆಗೆ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಮದ್ದಿನ ಹೆಸರು ಕೆಡಬಾರದು, ನಾಳೆ ಇನ್ನೆಷ್ಟು ಮನೆಗಳಿಗೆ ಅದು ಬೇಕೋ. ಡಾಕ್ಟರು ಬರೆದುಕೊಂಡರು. ಆಸ್ಪತ್ರೆಗೆ ಬಂದ ತಕ್ಷಣ ಮದ್ದನ್ನು ನರಕ್ಕೇ ಕೊಡುತ್ತೇವೆ, ಜ್ವರ ಶುರುವಾದ ದಿನವೇ ಸಿಕ್ಕಿದ್ದೀರಿ, ಧೈರ್ಯವಾಗಿರಿ ಎಂದರು.

"ನಿಮ್ಮ ಅತ್ತೆ ಮಾತ್ರ ಆ ಸಪ್ಪೆ ಮಾತ್ರೆ ನಿಲ್ಲಿಸ್ಲೇಬಾರದು. ಇನ್ನೂ ಏಳು ದಿನ. ಒಂದು ದಿನ ಬಿಟ್ಟರೂ ಕಷ್ಟ."

"ಅವರಿಗೆ ಹೇಳ್ತೀರಾ?"

"ಅವರು ಕೇಳಿದ್ರೆ ಹೇಳ್ಬೇಕಾಗುತ್ತೆ. ನಾವು ಸುಳ್ಳು ಹೇಳೋ ಹಾಗಿಲ್ಲ."

"ಅವರು ಕೇಳಲ್ಲ. ತಮಗೇ ಗೊತ್ತು ಅಂದ್ಕೊಂಡಿದ್ದಾರೆ."

ಫೋನಿಟ್ಟು ನಿಂತಳು. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಅತ್ತೆ ನಿಶ್ಚಿಂತೆಯಿಂದ ಬದುಕುತ್ತಾರೆ, ಆದರೆ ಸೊಸೆಯ ಬಾಯಿಂದ ಮದ್ದು ಕಿತ್ತುಕೊಂಡು ತಾನು ತಿಂದೆನೆಂದು ಗೊತ್ತಿದ್ದೂ ಬದುಕಬೇಕು. ಸೊಸೆ ಸತ್ತೇಹೋದರಂತೂ ಮೊಮ್ಮಗಳ ಮುಖ ನೋಡುವಾಗಲೆಲ್ಲ ಅದೇ. ಸುಳ್ಳು ಹೇಳಿದರೆ ಅತ್ತೆ, ತಾವು ತಿಂದದ್ದು ಬರೀ ಹಿಟ್ಟೆಂದು ಈ ಗೂಡಿನಲ್ಲಿ ಒಬ್ಬರೇ ಕೂತು ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ. ಆ ಭಯ ಏಳು ದಿನದ್ದು. ಇನ್ನೊಂದಕ್ಕೆ ದಿನದ ಲೆಕ್ಕವಿಲ್ಲ. ಅಷ್ಟು ಯೋಚಿಸುವ ಹೊತ್ತಿಗೆ ಸಿಟ್ಟು ಹೋಗಿರಲಿಲ್ಲ, ಆದರೆ ಬಾಗಿಲು ತೆರೆಯುವಷ್ಟು ಇಳಿದಿತ್ತು.

"ಏನಂದ್ರು ಡಾಕ್ಟ್ರು?" ಅತ್ತೆ ಅಲ್ಲೇ ನಿಂತಿದ್ದರು.

"ನೀವು ಹೇಳಿದ್ದೇ ಸರಿ ಅತ್ತೆ. ಕಹಿ ಇದ್ದದ್ದೇ ಮದ್ದಂತೆ. ತಗೊಂಡಿರೋದ್ರಿಂದ ಜ್ವರ ಹಗುರವಾಗಿ ಹೋಗುತ್ತಂತೆ."

ಅತ್ತೆಯ ಮುಖ ಅರಳಿತು. "ನಾನು ಹೇಳ್ಲಿಲ್ವಾ! ಮೂವತ್ತು ವರ್ಷದ ನಾಲಿಗೆ ಕಣೇ ಇದು." ಹಾಗೆನ್ನುತ್ತಲೇ ಕಪಾಟಿನಿಂದ ತಮ್ಮ ಸೀಸೆ ತೆಗೆದರು. "ಹಾಗಾದ್ರೆ ಇದು ಖಾತ್ರಿ ಹಿಟ್ಟೇ. ಕಸಕ್ಕೆ ಹಾಕ್ತೀನಿ. ನರ್ಸ್ ಮುಂದೆ ನಾಲಿಗೆ ಅಡಿ ಇಟ್ಕೊಂಡು ಆಮೇಲೆ ಉಗಿದ್ರಾಯ್ತು."

ಈ ಒಂದು ಮಾತು ಸೊಸೆಯ ಲೆಕ್ಕದಲ್ಲಿ ಇರಲೇ ಇಲ್ಲ. ಕೆಳಗೆ ಗಾಡಿ ಬಂದು ನಿಂತ ಸದ್ದು. ಮೆಟ್ಟಿಲ ಮೇಲೆ ದಪ್ಪ ಬೂಟುಗಳು ಹತ್ತಿ ಬರುತ್ತಿದ್ದವು.

"ಎಸೀಬೇಡಿ!" ಅವಳು ಕಿರುಚಿಯೇಬಿಟ್ಟಳು. "ನುಂಗಿ ಅತ್ತೆ. ದಿನಾ ನುಂಗಿ."

"ಹಿಟ್ಟು ನುಂಗಿ ಏನು ಮಾಡ್ಲೇ?"

"ಏನಾದ್ರೂ ಆಗ್ಲಿ. ನೀವು ಬಿಟ್ರೆ ನನಗೂ ಅಲ್ಲಿ ಮದ್ದು ಕೊಡಲ್ವಂತೆ." ಬಾಯಿಗೆ ಬಂದ ಸುಳ್ಳು ಅದು. "ನನ್ನ ಮೇಲೆ ಆಣೆ. ಮಗು ಮೇಲೆ ಆಣೆ. ಏಳು ದಿನ, ಒಂದೂ ತಪ್ಪಿಸಲ್ಲ ಅನ್ನಿ."

ಗ್ರಿಲ್ಲಿನ ಬೀಗ ತೆಗೆದರು. ಮೈಯೆಲ್ಲ ಮುಚ್ಚಿಕೊಂಡ ಇಬ್ಬರು ಅವಳನ್ನು ಹೊರಗೆ ಕರೆದರು. ಹದಿನಾಲ್ಕು ದಿನ ದಾಟಬೇಕೆಂದಿದ್ದ ಹೊಸ್ತಿಲನ್ನು ಅವಳು ದಾಟಲೊಲ್ಲದೆ ಚೌಕಟ್ಟು ಹಿಡಿದು ನಿಂತಳು.

"ಅನ್ನಿ ಅತ್ತೆ!"

"ಅಯ್ಯೋ, ಅತ್ತು ರಂಪ ಮಾಡ್ಬೇಡ ಕಣೇ, ನುಂಗ್ತೀನಿ ಹೋಗು" ಎಂದರು ಅತ್ತೆ, ಸೀಸೆಯನ್ನು ಮತ್ತೆ ಕಪಾಟಿಗೆ ಇಡುತ್ತ. "ಏಳು ದಿನ ಹಿಟ್ಟು ತಿಂದ್ರೆ ಯಾರೂ ಸಾಯಲ್ಲ."